ಕರಾವಳಿಯ ಮಳೆಗಾಲಕ್ಕೆ ಕ್ಯಾನ್ವಾಸ್ ಬೋರ್ಡೋ, ಚೌಕಟ್ಟಿಗೆ ಬಿಗಿದ ಕ್ಯಾನ್ವಾಸೋ?

ಉಡುಪಿಯಂಥ ಊರಿನಲ್ಲಿದ್ದು, ಬರೆದ ಚಿತ್ರ ಗೋಡೆಯ ಮೇಲೆ ವರ್ಷಗಟ್ಟಲೆ ಉಳಿಯಬೇಕೆಂದು ಬಯಸುವವರು ಮರದ ಚೌಕಟ್ಟಿಗೆ ಬಿಗಿದ ಹತ್ತಿಯ ಕ್ಯಾನ್ವಾಸನ್ನೇ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಳೆದ ಮಳೆಗಾಲದಲ್ಲಿ ಒಂದು ಚಿತ್ರ ಕೆಟ್ಟುಹೋದ ಮೇಲೆ ಈ ಮಾತು ನನಗೆ ಮನದಟ್ಟಾಯಿತು.

ಅಣ್ಣನ ಮನೆ ಒಕ್ಕಲಿಗೆಂದು, ಮಲ್ಪೆ ಬಂದರಿನಲ್ಲಿ ಸಾಲಾಗಿ ನಿಂತ ದೋಣಿಗಳನ್ನು 16×20 ಇಂಚಿನ ಕ್ಯಾನ್ವಾಸ್ ಬೋರ್ಡಿನ (ರಟ್ಟಿಗೆ ಬಟ್ಟೆ ಅಂಟಿಸಿದ ಹಲಗೆಯ) ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಬರೆದಿದ್ದೆ. ಮೇ ತಿಂಗಳಲ್ಲಿ ಮುಗಿಸಿದಾಗ ಬೋರ್ಡು ನೆಟ್ಟಗಿತ್ತು. ಆಟಿ ತಿಂಗಳ (ಜುಲೈ–ಆಗಸ್ಟ್) ಹೊತ್ತಿಗೆ ನಾಲ್ಕು ಮೂಲೆಗಳೂ ಮುಂದಕ್ಕೆ ಬಾಗಿದ್ದವು. ಮೇಜಿನ ಮೇಲೆ ಮಲಗಿಸಿದರೆ ಮೂಲೆಯ ಅಡಿಯಲ್ಲಿ ಬೆರಳು ಸಲೀಸಾಗಿ ತೂರುತ್ತಿತ್ತು. ಹಿಂಬದಿಯ ಕಾಗದದ ಮೇಲೆ ಬೂಷ್ಟು ಹಿಡಿದಿತ್ತು. ದಪ್ಪ ಪುಸ್ತಕಗಳನ್ನು ಹೇರಿ ಒಂದು ವಾರ ಇಟ್ಟೆ. ನೇರವಾಯಿತೆಂದು ಮತ್ತೆ ತೂಗುಹಾಕಿದರೆ ಹದಿನೈದು ದಿನಗಳಲ್ಲಿ ಮೊದಲಿನಂತೆಯೇ ಬಾಗಿತು, ಜೊತೆಗೆ ಒಂದು ಮೂಲೆಯಲ್ಲಿ ಬಟ್ಟೆಯೂ ಬಿಟ್ಟುಕೊಂಡಿತು.

ಇದರ ಕಾರಣ ಬೋರ್ಡಿನ ರಚನೆಯಲ್ಲೇ ಇದೆ. ನಾನು ಕೊಂಡ ಬೋರ್ಡಿನ ಒಳಗಿರುವುದು ಒತ್ತಿದ ರಟ್ಟು. ಮುಂಬದಿಗೆ ಬಟ್ಟೆ, ಗೆಸ್ಸೋ (ಬಣ್ಣಕ್ಕೂ ಮೊದಲು ಬಳಿಯುವ ಬಿಳಿ ಲೇಪ), ಅದರ ಮೇಲೆ ಬಣ್ಣದ ಪದರಗಳ ರಕ್ಷಣೆಯಿದ್ದರೆ, ಹಿಂಬದಿಗೆ ಇರುವುದು ತೆಳುವಾದ ಕಾಗದ ಮಾತ್ರ. ಗಾಳಿಯ ತೇವ ಹೆಚ್ಚಾಗಿ ಹಿಂದಿನಿಂದ ಒಳಸೇರಿ ಆ ಬದಿ ಹೆಚ್ಚು ಹಿಗ್ಗುವುದರಿಂದ ಬೋರ್ಡು ಮುಂದಕ್ಕೆ ಬಾಗುತ್ತದೆ. ಇನ್ನೊಂದು ಬೋರ್ಡಿಗೆ ಚಿತ್ರ ಬರೆಯುವ ಮೊದಲೇ ಹಿಂಬದಿಗೂ ಅಂಚುಗಳಿಗೂ ಎರಡು ಕೈ ಗೆಸ್ಸೋ ಬಳಿದು ನೋಡಿದೆ. ಬಾಗುವುದು ಬಹಳ ಕಡಿಮೆಯಾಯಿತು, ಆದರೆ ಪೂರ್ತಿ ನಿಲ್ಲಲಿಲ್ಲ.

ಬಿಗಿದ ಕ್ಯಾನ್ವಾಸಿಗೂ ಮಳೆಗಾಲದ ತೊಂದರೆ ತಪ್ಪಿದ್ದಲ್ಲ. ಬಟ್ಟೆ ಸಡಿಲವಾಗಿ ಕುಂಚದ ಒತ್ತಡಕ್ಕೆ ಜಗ್ಗುತ್ತದೆ. ಆದರೆ ಇದಕ್ಕೆ ಕೈಯಳತೆಯಲ್ಲೇ ಪರಿಹಾರವಿದೆ. ಚೌಕಟ್ಟಿನ ಒಳಮೂಲೆಗಳಲ್ಲಿರುವ ಸೀಳುಗಳಿಗೆ ಪುಟ್ಟ ಮರದ ಬೆಣೆಗಳನ್ನಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಮೂಲೆಗಳು ಕೂದಲೆಳೆಯಷ್ಟು ಅಗಲಿ ಬಟ್ಟೆ ಮತ್ತೆ ಬಿಗಿಯಾಗುತ್ತದೆ. ಆದ್ದರಿಂದ ಕೊಳ್ಳುವಾಗ ಹಿಂಬದಿಯನ್ನು ತಿರುಗಿಸಿ ನೋಡುವುದು ಅಗತ್ಯ. ಮೂಲೆಗಳನ್ನು ಪಿನ್ನು ಹೊಡೆದು ಖಾಯಂ ಮಾಡಿದ ಅಗ್ಗದ ಚೌಕಟ್ಟುಗಳಲ್ಲಿ ಬೆಣೆಗೆ ಜಾಗವೇ ಇರುವುದಿಲ್ಲ. ಚೌಕಟ್ಟಿನ ಮರದ ಪಟ್ಟಿಯ ಮುಂಬದಿ ಒಳಮುಖವಾಗಿ ಇಳಿಜಾರಾಗಿದೆಯೇ ಎಂದೂ ಗಮನಿಸಬೇಕು. ಸಪಾಟಾಗಿದ್ದರೆ ಬಟ್ಟೆ ಮರಕ್ಕೆ ತಾಗಿ, ಬಣ್ಣದ ಮೇಲೆ ಅಂಚಿನ ಗೆರೆ ಮೂಡುತ್ತದೆ.

ಮೀಟರ್ ಲೆಕ್ಕದ ಕ್ಯಾನ್ವಾಸ್ ತಂದು, ಆಚಾರಿಯವರಿಂದ ಚೌಕಟ್ಟು ಮಾಡಿಸಿ ನಾವೇ ಬಿಗಿಯುವುದು ದೊಡ್ಡ ಅಳತೆಗೆ ಲಾಭದಾಯಕ. ಅಗಸೆ ನಾರಿನ ಲಿನನ್ ಕ್ಯಾನ್ವಾಸ್ ನನ್ನ ಬಜೆಟ್ಟಿಗೆ ಎಟಕುವುದಲ್ಲ.

ನಾನು ಕೊಂಡ ಅಂಗಡಿಯಲ್ಲಿ ಬೋರ್ಡಿಗಿಂತ ಬಿಗಿದ ಕ್ಯಾನ್ವಾಸಿನ ಬೆಲೆ ಎರಡು ಪಟ್ಟಿಗೂ ಹೆಚ್ಚು. ಭಾನುವಾರಗಳಲ್ಲಷ್ಟೇ ಕುಂಚ ಹಿಡಿಯುವ ನಾನು ವರ್ಷಕ್ಕೆ ನಾಲ್ಕೈದು ದೊಡ್ಡ ಚಿತ್ರಗಳನ್ನು ಮಾತ್ರ ಬರೆಯುವುದರಿಂದ ಈ ಖರ್ಚು ಹೊರೆಯೆನಿಸುವುದಿಲ್ಲ. ದಿನವೂ ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೆ 8×10 ಇಂಚಿನ ಬೋರ್ಡು ಧಾರಾಳವಾಗಿ ಸಾಕು. ನವೆಂಬರಿನಿಂದ ಮೇ ತನಕ ನಾನೂ ಅದನ್ನೇ ಅಭ್ಯಾಸಕ್ಕೆ ಬಳಸುತ್ತೇನೆ. ಅಣ್ಣನಿಗೆ ಕೊಡಬೇಕಾದ ದೋಣಿಗಳ ಚಿತ್ರವನ್ನು ಈಗ ಬಿಗಿದ ಕ್ಯಾನ್ವಾಸಿನ ಮೇಲೆ ಹೊಸದಾಗಿ ಬರೆಯುತ್ತಿದ್ದೇನೆ, ಎಂಟು ಬೆಣೆಗಳನ್ನು ಪುಟ್ಟ ಚೀಲದಲ್ಲಿ ಹಾಕಿ ಅದರ ಹಿಂಬದಿಗೇ ಕಟ್ಟಿಟ್ಟಿದ್ದೇನೆ.