ಅಂಚೆಯ ಚುಕ್ಕಾಣಿ: ಅಮೆರಿಕದ ಮಂಡಳಿಯೋ, ಭಾರತದ ಇಲಾಖೆಯೋ?

ಅಮೆರಿಕದ ಅಂಚೆ ಸೇವೆಯ ಮೇಲ್ವಿಚಾರಣೆಗೆ ಒಂಬತ್ತು ಗವರ್ನರುಗಳನ್ನು (ರಾಜ್ಯಗಳ ಗವರ್ನರುಗಳಲ್ಲ, ಅಂಚೆ ಸೇವೆಯ ಆಡಳಿತ ಮಂಡಳಿಯ ಸದಸ್ಯರು) ಅಧ್ಯಕ್ಷರು ಸೆನೆಟ್ಟಿನ ಒಪ್ಪಿಗೆ ಪಡೆದು 7 ವರ್ಷಗಳ ಅವಧಿಗೆ ನೇಮಿಸುತ್ತಾರೆ. ಒಂದೇ ಪಕ್ಷದವರು ಐವರನ್ನು ಮೀರುವಂತಿಲ್ಲ, ಕನಿಷ್ಠ ನಾಲ್ವರು 50,000 ನೌಕರರಾದರೂ ಇರುವಂಥ ಸಂಸ್ಥೆಗಳನ್ನು ನಡೆಸಿ ಸೈ ಎನಿಸಿಕೊಂಡವರಾಗಿರಬೇಕು. ಇಡೀ ಅಂಚೆ ಸೇವೆಯ ಮುಖ್ಯಸ್ಥರಾದ ಪೋಸ್ಟ್‌ಮಾಸ್ಟರ್ ಜನರಲ್ ಅವರನ್ನು ಆರಿಸುವವರೂ, ಬೇಡವೆನಿಸಿದರೆ ತೆಗೆಯುವವರೂ ಇವರೇ.

ಭಾರತದಲ್ಲಾದರೋ, ಯುಪಿಎಸ್‌ಸಿ ಪರೀಕ್ಷೆ ಬರೆದು ಭಾರತೀಯ ಅಂಚೆ ಸೇವೆಗೆ ಸೇರಿ, ವಿಭಾಗ, ವಲಯ, ವೃತ್ತಗಳಲ್ಲಿ ಪಳಗಿದ ಅಧಿಕಾರಿಗಳೇ ಸಾಮಾನ್ಯವಾಗಿ ಇಲಾಖೆಯ ಉನ್ನತ ಆಡಳಿತ ಮಂಡಳಿಯಾದ ಅಂಚೆ ಸೇವಾ ಮಂಡಳಿಯನ್ನು ತಲುಪುತ್ತಾರೆ.

ಸ್ವಾಯತ್ತತೆ ಬಯಸುವವರಿಗೆ ಅಮೆರಿಕದ ಪದ್ಧತಿಯೇ ಹಿಡಿಸೀತು. ಆದರೆ 2016ರ ಡಿಸೆಂಬರಿನಿಂದ 2018ರ ಆಗಸ್ಟ್‌ವರೆಗೆ ಅಲ್ಲಿನ ಮಂಡಳಿಯಲ್ಲಿ ಒಬ್ಬ ಗವರ್ನರೂ ಇರಲಿಲ್ಲ. ಅರ್ಹತೆಯನ್ನು ಅಷ್ಟು ಕರಾರುವಾಕ್ಕಾಗಿ ಬರೆದಿಟ್ಟ ಕಾನೂನಿನಡಿಯಲ್ಲೇ ಕುರ್ಚಿಗಳು ಖಾಲಿ ಬಿದ್ದವು! ಭಾರತದ ಪದ್ಧತಿಯಲ್ಲಿ ಆ ಭಯ ಕಡಿಮೆ, ಹೊರಗಿನ ಅನುಭವಕ್ಕೆ ಬಾಗಿಲೂ ಕಿರಿದು. ನನ್ನ ಆಯ್ಕೆ ಗವರ್ನರುಗಳ ಮಂಡಳಿಯೇ. ಅವಧಿ ಮುಗಿದವರು ಒಂದೇ ವರ್ಷ ಮುಂದುವರಿಯಬಹುದೆಂಬ ಮಿತಿಯನ್ನು ಮಾತ್ರ ಸಡಿಲಿಸಬೇಕು.