ನಾಲ್ಕು ವರ್ಷದಿಂದ ಮೇಜಿನ ಡ್ರಾಯರ್‌ನಲ್ಲಿರುವ ವೆಂಟಾಯ್ ಪೆನ್‌ಡ್ರೈವ್

ತಿಪಟೂರಿನಲ್ಲಿ ನಮ್ಮದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಕಂಪ್ಯೂಟರ್ ರಿಪೇರಿ ನನ್ನ ಕಸುಬಲ್ಲ. ಆದರೂ ಅಕ್ಕಪಕ್ಕದವರ ಸಿಸ್ಟಮ್ ಕೈಕೊಟ್ಟರೆ ಮೊದಲು ಬರುವುದು ನಮ್ಮಲ್ಲಿಗೇ. "ಅಣ್ಣಾ, ಆನ್ ಆಗುತ್ತೆ, ಆದ್ರೆ ವಿಂಡೋಸ್ ಬರ್ತಿಲ್ಲ" ಅಂತಾರೆ. ಅಷ್ಟರೊಳಗೆ ಯಾರೋ ಒಬ್ಬರು "ಫಾರ್ಮ್ಯಾಟ್ ಹೊಡೆಸಿಬಿಡು" ಅಂತ ಹೇಳಿ ಆಗಿರುತ್ತೆ. ಈ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಒಳಗೆ ಏನಿದೆ ಅಂತ ನೋಡದೆ ಒಬ್ಬರ ಹತ್ತು ವರ್ಷದ ಫೈಲುಗಳನ್ನು ಅಳಿಸಿ ಹಾಕುವುದು ಯಾವ ನ್ಯಾಯ?

ನನಗೆ ಆ ನೋಡುವ ದಾರಿ ತೋರಿಸಿದ್ದು ವೆಂಟಾಯ್. 2020ರಲ್ಲಿ ಬಂದ ಉಚಿತ ತಂತ್ರಾಂಶ ಇದು. ಮೊದಲೆಲ್ಲ ಒಂದು ಓಎಸ್‌ಗೆ (ವಿಂಡೋಸ್‌ನಂಥ, ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಒಂದು ಪೆನ್‌ಡ್ರೈವ್ ಮಾಡಬೇಕಿತ್ತು. ಇದರಲ್ಲಿ ಹಾಗಿಲ್ಲ. ಒಂದು ಸಲ ಪೆನ್‌ಡ್ರೈವ್‌ಗೆ ವೆಂಟಾಯ್ ಹಾಕಿದರೆ ಸಾಕು, ಆಮೇಲೆ ಐಎಸ್‌ಓ ಫೈಲುಗಳನ್ನು (ಇಡೀ ಓಎಸ್ ಒಂದೇ ಫೈಲಿನಲ್ಲಿ ಇರುವಂಥವು) ಸುಮ್ನೆ ಕಾಪಿ ಮಾಡಿಕೊಳ್ಳಬಹುದು. ಕಂಪ್ಯೂಟರ್ ಆನ್ ಮಾಡುವಾಗ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಿಕೊಂಡರೆ ಆಯಿತು. ನನ್ನ 32 ಜಿಬಿ ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಬಳಸಬಹುದಾದ ಉಚಿತ ಓಎಸ್), ವಿಂಡೋಸ್ 10, ವಿಂಡೋಸ್ 11, ರ್‍ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86 ಪ್ಲಸ್, ಇಷ್ಟಿವೆ. ಜಾಸ್ತಿ ಕೆಲಸ ಮಾಡಿರುವುದು ಮಿಂಟ್. ಅದನ್ನು ಹಾರ್ಡ್‌ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಪೆನ್‌ಡ್ರೈವ್‌ನಿಂದಲೇ ಓಡುತ್ತದೆ.

ಹೋದ ವರ್ಷ ಪಕ್ಕದ ಹಳ್ಳಿಯ ಹಾಲಿನ ಡೈರಿ ಕಾರ್ಯದರ್ಶಿ ಸಿಪಿಯು ಡಬ್ಬಿಯನ್ನು ಬೈಕಿನ ಟ್ಯಾಂಕ್ ಮೇಲೆ ಇಟ್ಟುಕೊಂಡು ಬಂದರು. ಲೋಗೋ ಬರುತ್ತೆ, ಚುಕ್ಕಿಗಳು ಸುತ್ತುತ್ತವೆ, ಆಮೇಲೆ ಅಲ್ಲೇ ನಿಲ್ಲುತ್ತೆ. ಎರಡು ದಿನಕ್ಕೆ ಬಟವಾಡೆ. ಯಾರ ಹಾಲು ಎಷ್ಟು ಲೀಟರ್ ಅನ್ನುವ ಲೆಕ್ಕವೆಲ್ಲ ಅದರೊಳಗೆ. ಬೇರೆಲ್ಲೂ ಕಾಪಿ ಇಲ್ಲ. ಅವರ ಮುಖ ನೋಡಲಾಗಲಿಲ್ಲ.

ಪೆನ್‌ಡ್ರೈವ್ ಹಾಕಿ, ಬೂಟ್ ಮೆನು (ಯಾವುದರಿಂದ ಶುರುವಾಗಬೇಕು ಅಂತ ಆರಿಸುವ ಪಟ್ಟಿ) ತೆಗೆದು ಮಿಂಟ್ ಶುರು ಮಾಡಿದೆ. ಐದು ನಿಮಿಷದಲ್ಲಿ ಡೆಸ್ಕ್‌ಟಾಪ್ ಬಂತು. ಅಂದರೆ ಬೋರ್ಡು, ರ್‍ಯಾಮು, ಪ್ರೊಸೆಸರ್ ನಡೆಯುತ್ತಿವೆ. ತೊಂದರೆ ಇರುವುದು ಡಿಸ್ಕ್‌ನಲ್ಲಿ, ಇಲ್ಲ ಅದರೊಳಗಿನ ವಿಂಡೋಸ್‌ನಲ್ಲಿ. ಮಿಂಟ್‌ನ ಡಿಸ್ಕ್ಸ್ ಎಂಬ ಪ್ರೋಗ್ರಾಮ್‌ನಲ್ಲಿ ಸ್ಮಾರ್ಟ್ ವಿವರ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆ, ತೆಗೆದೆ. ಪೆಂಡಿಂಗ್ ಸೆಕ್ಟರ್ 112 ಅಂತ ತೋರಿಸಿತು. ಡಿಸ್ಕ್ ಅಷ್ಟು ಜಾಗ ಓದಲಾಗದೆ ಒದ್ದಾಡುತ್ತಿದೆ ಅಂತ ಅರ್ಥ. ಇಂಥ ಡಿಸ್ಕ್ ಮೇಲೆ ಮತ್ತೆ ವಿಂಡೋಸ್ ಹಾಕಿದ್ದರೆ ಇದ್ದದ್ದೂ ಹೋಗುತ್ತಿತ್ತು. ವಿಂಡೋಸ್ ಸರಿಯಾಗಿ ಮುಚ್ಚಿರದ ಕಾರಣ ಡ್ರೈವ್ ಓದಲು ಮಾತ್ರ ತೆರೆದುಕೊಂಡಿತು, ಬರೆಯಲು ಬಿಡಲಿಲ್ಲ. ನಮಗೂ ಬೇಕಾದದ್ದು ಅಷ್ಟೇ. ಲೆಕ್ಕದ ಫೋಲ್ಡರನ್ನು ಮೊದಲು ಎಳೆದುಕೊಂಡೆ. ನಡುವೆ ಎರಡು ಸಲ ಕಾಪಿ ನಿಂತು, ಡಿಸ್ಕ್ ಟಿಕ್ ಟಿಕ್ ಅಂದಿತು. ಪಕ್ಕದಲ್ಲಿ ನಿಂತಿದ್ದ ಅವರು ಉಸಿರೇ ಬಿಡುತ್ತಿರಲಿಲ್ಲ. ಕೊನೆಗೆ ಎಲ್ಲ ಬಂತು. ಮಾರನೇ ದಿನ ಹೊಸ ಎಸ್‌ಎಸ್‌ಡಿ ಹಾಕಿಸಿದರು, ಬಟವಾಡೆ ಹೇಳಿದ ದಿನಕ್ಕೇ ಆಯಿತು.

ನಮ್ಮ ಅಂಗಡಿಯ ಹಳೇ ಸಿಸ್ಟಮ್‌ನದು ಬೇರೆ ಕಥೆ. ರಾತ್ರಿಯೆಲ್ಲ ಕರೆಂಟ್ ಹೋಗಿ ಬೆಳಿಗ್ಗೆ ಆನ್ ಮಾಡಿದರೆ ಬೂಟ್ ಡಿವೈಸ್ ಇಲ್ಲ ಅಂತ ಬಂತು. ಮಿಂಟ್‌ನಲ್ಲಿ ನೋಡಿದರೆ ಡಿಸ್ಕ್ ಚೆನ್ನಾಗಿದೆ, ಫೈಲುಗಳೂ ಇವೆ. ಮೂಲೆಯ ಗಡಿಯಾರ ಮಾತ್ರ 2016 ಅನ್ನುತ್ತಿದೆ! ಬೋರ್ಡಿನ ಮೇಲಿರುವ ಸಿಆರ್2032 ಗುಂಡು ಸೆಲ್ ಸತ್ತಿತ್ತು. 3 ವೋಲ್ಟ್ ಇರಬೇಕಾದದ್ದು ಮೀಟರಿನಲ್ಲಿ 2.3 ತೋರಿಸಿತು. ಇಂಥ ಹಳೇ ಬೋರ್ಡಿನಲ್ಲಿ ಸೆಲ್ ಹೋದರೆ ಬಯಾಸ್ (ಆನ್ ಆದ ಕೂಡಲೇ ಬೋರ್ಡಿನಲ್ಲಿ ಮೊದಲು ಓಡುವ ತಂತ್ರಾಂಶ) ಸೆಟ್ಟಿಂಗ್ ಎಲ್ಲ ಕಂಪನಿಯಿಂದ ಬಂದಾಗ ಇದ್ದಂತಾಗುತ್ತದೆ. ನಮ್ಮ ವಿಂಡೋಸ್ ಹಳೇ ಲೆಗಸಿ ರೀತಿಯಲ್ಲಿ ಹಾಕಿದ್ದು, ಅದು ಶುರುವಾಗಲು ಬೇಕಾದ ಸಿಎಸ್‌ಎಂ ಎಂಬ ಬಯಾಸ್ ಸೆಟ್ಟಿಂಗ್ ಆಫ್ ಆಗಿತ್ತು. ವಾಚ್ ಅಂಗಡಿಯಿಂದ ಸೆಲ್ ತಂದು ಹಾಕಿ, ಸಿಎಸ್‌ಎಂ ಆನ್ ಮಾಡಿದೆ. ವಿಂಡೋಸ್ ಬಂತು. ಇದಕ್ಕೂ ಯಾರಾದರೂ ಫಾರ್ಮ್ಯಾಟ್ ಹೊಡೆದೇ ಬಿಡುತ್ತಿದ್ದರು ಅಲ್ವಾ?

ಬೂಟ್ ಮೆನು ಕೀ ಒಂದೊಂದು ಕಂಪನಿಗೆ ಒಂದೊಂದು. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ನಾನು ಡ್ರಾಯರ್ ಒಳಗೆ ಚೀಟಿ ಅಂಟಿಸಿಕೊಂಡಿದ್ದೇನೆ.

ವೆಂಟಾಯ್‌ನ ಕಿರಿಕಿರಿಗಳನ್ನೂ ಹೇಳಬೇಕು. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶ ಶುರುವಾಗಲು ಬಿಡದ ಕಾವಲು) ಆನ್ ಇರುವ ಲ್ಯಾಪ್‌ಟಾಪ್‌ನಲ್ಲಿ ಮೊದಲ ಸಲ ನೀಲಿ ಪರದೆ ಬಂದು ಕೀ ಸೇರಿಸಲು ಕೇಳುತ್ತದೆ. ಗೊತ್ತಿಲ್ಲದವರಿಗೆ ಗಾಬರಿಯಾಗುತ್ತದೆ. ಪ್ರತಿ ಯಂತ್ರಕ್ಕೆ ಒಂದು ಸಲ ಮಾಡಿದರೆ ಸಾಕು. ಹೊಸ ಆವೃತ್ತಿ ಹಾಕುವಾಗ ಅಪ್‌ಡೇಟ್ ಒತ್ತಬೇಕು, ಇನ್‌ಸ್ಟಾಲ್ ಒತ್ತಿದರೆ ಪೆನ್‌ಡ್ರೈವ್ ಪೂರ್ತಿ ಖಾಲಿ. ನಾನು ಒಮ್ಮೆ ಹಾಗೆ ಎಲ್ಲ ಕಳೆದುಕೊಂಡು, ಐಎಸ್‌ಓಗಳನ್ನು ಮತ್ತೆ ಇಳಿಸಿಕೊಳ್ಳಲು ಇಡೀ ದಿನ ಹಿಡಿಯಿತು. ಇದರ ಮೂಲ ಕೋಡ್ ಜೊತೆ ಒಳಗೇನಿದೆ ಅಂತ ಸುಲಭವಾಗಿ ಓದಿ ನೋಡಲಾಗದ ಸಿದ್ಧ ಬೈನರಿ ಫೈಲುಗಳೂ ಇವೆ ಅಂತ ತಿಳಿದವರು ತಕರಾರು ಎತ್ತಿದ್ದುಂಟು. ನಾನಂತೂ ಅಧಿಕೃತ ತಾಣ ಬಿಟ್ಟು ಬೇರೆ ಕಡೆಯಿಂದ ಇಳಿಸುವುದಿಲ್ಲ.

ಪರದೆ ಮೇಲೆ ಏನೂ ಬರದಿದ್ದರೆ ಈ ಪೆನ್‌ಡ್ರೈವ್‌ಗೆ ಕೆಲಸವೇ ಇಲ್ಲ. ಆಗ ಪ್ಲಗ್ ಕಿತ್ತು, ರ್‍ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುತ್ತೇನೆ. ಎಷ್ಟೋ ಸಲ ಅದರಲ್ಲೇ ಸರಿಹೋಗಿದೆ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕಿಡುವ ವಿಂಡೋಸ್ ಸೌಲಭ್ಯ) ಇರುವ ಲ್ಯಾಪ್‌ಟಾಪ್ ಬಂದರೆ ಮಾತ್ರ ಮೊದಲು ಅವರ ಮೈಕ್ರೋಸಾಫ್ಟ್ ಅಕೌಂಟ್ ತೆಗೆಸಿ, 48 ಅಂಕಿಯ ರಿಕವರಿ ಕೀ ಅಲ್ಲಿದೆಯಾ ಅಂತ ನೋಡಿ ಹಾಳೆಯಲ್ಲಿ ಬರೆಸಿಕೊಳ್ಳುತ್ತೇನೆ. ಆಮೇಲೇ ಪೆನ್‌ಡ್ರೈವ್ ಹೊರಗೆ ತೆಗೆಯುವುದು.