ಒಂದೇ ಹಾಡನ್ನು ಐದು ಕಡೆ ಕೇಳಿ ನೋಡಿದೆ

ಹೋದ ವರ್ಷ ಗೌರಿ ಹಬ್ಬಕ್ಕೆ ತಿಪಟೂರಿಗೆ ಹೋದಾಗ ಅಮ್ಮ ಅಟ್ಟ ಖಾಲಿ ಮಾಡಿಸುತ್ತಿದ್ದರು. ಕೊಬ್ಬರಿ ಚೀಲ, ಮುರಿದ ತೊಟ್ಟಿಲು, ತಳ ಹೋದ ಹಂಡೆ, ಇವೆಲ್ಲದರ ಹಿಂದೆ ನಮ್ಮ ಹಳೇ ಟೂ ಇನ್ ಒನ್, ಅಂದರೆ ರೇಡಿಯೋ ಸೇರಿದ ಟೇಪ್‌ರೆಕಾರ್ಡರ್, ಕೂತಿತ್ತು. ಪಕ್ಕದಲ್ಲೇ ಒಂದು ಬಿಸ್ಕತ್ತಿನ ಡಬ್ಬ. ಅದರಲ್ಲಿ ಹದಿನಾಲ್ಕು ಕ್ಯಾಸೆಟ್. "ಗುಜರಿಯವನಿಗೆ ಕೊಟ್ಟುಬಿಡ್ಲಾ?" ಅಂದರು ಅಮ್ಮ. ನಾನು ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಬೆಂಗಳೂರಿಗೆ ತಂದೆ. ಅಣ್ಣನಿಗೆ ಹೇಳಲಿಲ್ಲ. ಹೇಳಿದರೆ ಬಿಡುತ್ತಿರಲಿಲ್ಲ. ಆ ಪೆಟ್ಟಿಗೆಯ ಪ್ಲೇ ಗುಂಡಿ ಒತ್ತುವ ಹಕ್ಕು ನಮ್ಮ ಮನೆಯಲ್ಲಿ ಅವನೊಬ್ಬನದೇ ಆಗಿತ್ತು. ಅವನು ಎನ್‌ಸಿಸಿ ಪರೇಡಿಗೆ ಹೋದ ಭಾನುವಾರಗಳಲ್ಲಿ ಮಾತ್ರ ನನ್ನ ಸರದಿ.

1987ರಲ್ಲಿ ನನಗೆ ಹದಿಮೂರು ವರ್ಷ. 'ಪ್ರೇಮಲೋಕ' ಬಂದ ವರ್ಷ ಅದು. ಹಂಸಲೇಖ ಸಾಹಿತ್ಯವನ್ನೂ ಬರೆದು, ಸಂಗೀತವನ್ನೂ ಮಾಡಿ, ಇಡೀ ಊರಿನ ಹುಡುಗರಿಗೆ ಹುಚ್ಚು ಹಿಡಿಸಿದ ವರ್ಷ. ಅದಕ್ಕೂ ಮೊದಲು ನಮ್ಮ ಮನೆಯಲ್ಲಿ ರಾಜನ್-ನಾಗೇಂದ್ರ ಅವರದ್ದೇ ರಾಜ್ಯ. ಆ ಹಾಡುಗಳನ್ನು ಈಗ ಕೇಳಿದರೆ ಆಗಿನ ಖುಷಿ ಯಾಕೋ ಪೂರ್ತಿ ಬರುವುದಿಲ್ಲ ಅನ್ನೋದು ನನ್ನ ಬಹಳ ದಿನದ ತಕರಾರು. ವಯಸ್ಸಾಯ್ತು, ಅದಕ್ಕೇ ಅಂತ ಗಂಡ ಹೇಳುತ್ತಾರೆ. ನಾನು ಒಪ್ಪಲಿಲ್ಲ. ಪರೀಕ್ಷೆ ಮಾಡಿಯೇ ನೋಡೋಣ ಅಂತ ಒಂದು ಹಾಡು ಆರಿಸಿಕೊಂಡೆ. ರಾಜನ್-ನಾಗೇಂದ್ರ ಸಂಗೀತ, ಎಸ್‌ಪಿಬಿ ಮತ್ತು ಎಸ್. ಜಾನಕಿ ದನಿ, ಉದ್ದ ನಾಲ್ಕು ನಿಮಿಷ ಮೂವತ್ತೊಂದು ಸೆಕೆಂಡ್. ಯಾವುದು ಅಂತ ಹೇಳುವುದಿಲ್ಲ. ನಿಮ್ಮ ಹಾಡು ನಿಮಗಿರಲಿ.

ಟೇಪ್‌ರೆಕಾರ್ಡರ್ ಕೂಡಲೇ ಹಾಡಲಿಲ್ಲ. ಮುಚ್ಚಳ ತೆಗೆದರೆ ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತೆ ಅಂಟಿಕೊಂಡಿತ್ತು. ಅದು ಎಸ್.ಪಿ. ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ರಿಪೇರಿಗೆ ಕೂತಿದ್ದಾಗ ನಾನು ಉಳಿದ ನಾಲ್ಕು ಕಡೆ ಅದೇ ಹಾಡು ಕೇಳಿ ನೋಡಿದೆ.

ಮೊದಲು ರೇಡಿಯೋ. ಬೆಂಗಳೂರಿನಲ್ಲಿ ವಿವಿಧ ಭಾರತಿ 102.9ರಲ್ಲಿ ಸಿಗುತ್ತದೆ. 1957ರ ಅಕ್ಟೋಬರ್ 3ರಂದು ಶುರುವಾದ ಸೇವೆ, ನನ್ನ ಅಮ್ಮನ ಹುಡುಗಿಯ ಕಾಲದ್ದು. ಒಂದು ತಿಂಗಳು ಅಡುಗೆಮನೆಯಲ್ಲಿ ಅದನ್ನೇ ಹಾಕಿಟ್ಟೆ. ನನ್ನ ಹಾಡು ಬಂದದ್ದು ಒಂದೇ ಸಲ, ಅದೂ ಒಗ್ಗರಣೆ ಹಾಕುವ ಹೊತ್ತಿಗೆ. ಸಾಸಿವೆ ಸೀದುಹೋಯಿತು. ಆದರೆ ಆ ಒಂದು ಸಲದ ಮಜಾನೇ ಬೇರೆ! ಕೇಳದೇ ಸಿಕ್ಕಿದ್ದು ಅಂತಲೋ, ಇದೇ ಹೊತ್ತಿಗೆ ಇನ್ನೂ ಎಷ್ಟೋ ಅಡುಗೆಮನೆಗಳಲ್ಲಿ ಇದೇ ಸಾಲು ಓಡುತ್ತಿದೆ ಅಂತಲೋ, ಗೊತ್ತಿಲ್ಲ. ನೆನಪಿಗೆ ರೇಡಿಯೋ ಒಳ್ಳೆಯದು. ಬೇಕೆಂದಾಗ ಕೇಳಬೇಕು ಅನ್ನುವವರಿಗೆ ಆಗಿಬರುವುದಿಲ್ಲ. ನನ್ನ ಗಂಡ ಹುಬ್ಬಳ್ಳಿ ಕಡೆಯವರು, ಧಾರವಾಡ ಆಕಾಶವಾಣಿ ಕೇಳಿ ಬೆಳೆದವರು. ಅವರಿಗೆ ಹಾಡಿಗಿಂತ ಅದನ್ನು ಹೇಳುವವರ ದನಿ ಮುಖ್ಯ. ಹಾಡು ಶುರುವಾದ ಕೂಡಲೇ ಎದ್ದುಹೋಗುತ್ತಾರೆ, ವಿಚಿತ್ರ ಮನುಷ್ಯ.

ಎರಡನೆಯದು, ಹಾಡುಗಳನ್ನು ಮೊದಲೇ ತುಂಬಿಸಿ ಮಾರುವ ಪೆಟ್ಟಿಗೆ. ನೋಡಲು ಹಳೇ ಟ್ರಾನ್ಸಿಸ್ಟರ್, ಒಳಗೆ ಚಿಪ್ಪು. ಅಮ್ಮನಿಗೆ ಅಂತ ಕೊಂಡದ್ದು. ಹದಿನೈದು ದಿನ ನನ್ನ ಹತ್ತಿರ ಇಟ್ಟುಕೊಂಡೆ. ಗುಂಡಿ ದೊಡ್ಡದು, ಅಕ್ಷರ ದೊಡ್ಡದು, ನೆಟ್ ಬೇಡ. ನನ್ನ ಹಾಡೂ ಇತ್ತು. ಆದರೆ ಅಲ್ಲಿಗೆ ತಲುಪಲು ಮೂವತ್ತು ಸಲ ಮುಂದೆ ಮುಂದೆ ಅಂತ ಒತ್ತಬೇಕು. ಅಮ್ಮನಿಗೆ ಕೊಟ್ಟ ಮೇಲೆ ಅವರು ಅದರಲ್ಲಿ ಕೇಳುವುದು ಬೆಳಗಿನ ಸುಪ್ರಭಾತ ಮಾತ್ರ. ಇದರ ಬಗ್ಗೆ ಇನ್ನೇನೂ ಹೇಳುವುದಿಲ್ಲ.

ಆರ್ಕೆಸ್ಟ್ರಾ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ನವೆಂಬರ್ ಬಂತು, ನಮ್ಮ ಬಡಾವಣೆಯ ಆಟೋ ಸ್ಟ್ಯಾಂಡಿನವರು ರಾಜ್ಯೋತ್ಸವಕ್ಕೆ ಪೆಂಡಾಲ್ ಹಾಕಿಸಿದರು, ತಾನಾಗಿಯೇ ಸೇರಿಕೊಂಡಿತು. ಚೀಟಿ ಬರೆದು ಕಳಿಸಿದೆ, ಹಾಡಿದರು. ಹಾಡಿದ ಹುಡುಗ ಒಳ್ಳೆಯವನೇ. ಆದರೆ ಎಸ್‌ಪಿಬಿ ಅವರ ಮೇಲಿನ ಸ್ವರ ತಲುಪುವುದಿಲ್ಲ ಅಂತ ಶ್ರುತಿಯನ್ನೇ ಎರಡು ಮನೆ ಕೆಳಗೆ ಇಳಿಸಿಕೊಂಡಿದ್ದ. ಹಾರ್ಮೋನಿಯಂ ನುಡಿಸುವವರು ಒಂದೊಂದು ಕೀಲಿಗೂ ಮನೆ ಅಂತಾರಲ್ಲ, ಅದು. ಹಾಡು ಜ್ವರ ಬಂದು ಮಲಗಿದಂತೆ ಕೇಳಿಸಿತು. ಜಾನಕಿಯಮ್ಮ 2017ರಲ್ಲಿ ಮೈಸೂರಿನಲ್ಲಿ ವಿದಾಯದ ಕಚೇರಿ ಕೊಟ್ಟರು. ಎಸ್‌ಪಿಬಿ 2020ರಲ್ಲಿ ಹೋದರು. ಇನ್ನು ವೇದಿಕೆಯ ಮೇಲೆ ಇಷ್ಟೇ ಸಿಗುವುದು ಅಂತ ಅಂದುಕೊಂಡು ಬಂದೆ. ಪೆಂಡಾಲಿನಲ್ಲಿ ಎಲ್ಲರೂ ಒಟ್ಟಿಗೆ ಪಲ್ಲವಿ ಹಾಡಿದಾಗ ಮಾತ್ರ ಮೈ ಜುಮ್ ಅಂತು, ಸುಳ್ಳು ಯಾಕೆ ಹೇಳಲಿ. ಆದರೂ ಶ್ರುತಿ ಇಳಿದದ್ದು ಮನೆಗೆ ಬಂದ ಮೇಲೂ ಕಾಡುತ್ತಿತ್ತು. ಸಂಗೀತ ಕಲಿತವಳಲ್ಲ ನಾನು. ಹಾಗಿದ್ದೂ ಅದು ಹೇಗೆ ತಿಳಿಯಿತು ಅಂತ ಆಗ ಯೋಚಿಸಲಿಲ್ಲ.

ಇನ್ನು ಮೊಬೈಲ್. ಇದಕ್ಕೆ ಬೈಯಬೇಕು ಅಂತಲೇ ಶುರು ಮಾಡಿದ್ದೆ. ಆದರೆ ಒಳ್ಳೇ ಇಯರ್‌ಫೋನ್ ಹಾಕಿಕೊಂಡು ಕೇಳಿದ ಮೊದಲ ರಾತ್ರಿ ಬಾಯಿ ಮುಚ್ಚಿಕೊಂಡೆ. ಆ ಹಾಡಿನಲ್ಲಿ ಬೇಸ್ ಗಿಟಾರ್ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ! ಚರಣದ ಹಿಂದೆ ಪಿಟೀಲುಗಳ ಒಂದು ದೊಡ್ಡ ಸಾಲು. ಜಾನಕಿಯಮ್ಮ ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತದೆ. ನಮ್ಮ ಟೂ ಇನ್ ಒನ್‌ನಲ್ಲಿದ್ದದ್ದು ಅಂಗೈ ಅಗಲದ ಒಂದೇ ಸ್ಪೀಕರ್. ಅದರೊಳಗಿಂದ ಬರಲಾಗದೆ ಹೊರಗೇ ನಿಂತಿದ್ದ ನಾಲ್ಕೈದು ಜನ ವಾದ್ಯದವರು ಇಷ್ಟು ವರ್ಷದ ಮೇಲೆ ಮನೆಯೊಳಗೆ ಬಂದು ಕೂತಂತಾಯಿತು.

ಹಾಗಂತ ಗೋಳಿಲ್ಲದೆ ಇಲ್ಲ. ಹಾಡು ಹುಡುಕಿದರೆ ಮೊದಲು ಬರುವುದು ಬೇರೆ ಯಾರೋ ಗಿಟಾರ್ ಹಿಡಿದು ಹಾಡಿದ್ದು. ಆಮೇಲೆ ಮಳೆ ಸದ್ದು ಸೇರಿಸಿ ಎಳೆದದ್ದು. ಮೂಲ ಹಾಡು ಎಲ್ಲೋ ಆರನೇ ಸಾಲಿನಲ್ಲಿ. ಒಂದು ಕಡೆ ಗಾಯಕರ ಹೆಸರಿನ ಜಾಗದಲ್ಲಿ ನಾಯಕನ ಹೆಸರು ಹಾಕಿದ್ದಾರೆ. ಪಾಪ, ಅವರು ತುಟಿ ಆಡಿಸಿದ್ದಷ್ಟೇ.

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಹಾಡು ಮುಗಿದ ಮೇಲಿನ ಎರಡು ಸೆಕೆಂಡ್. ಆಗೆಲ್ಲ ರೆಕಾರ್ಡಿಂಗ್ ಅಂಗಡಿಗೆ ಖಾಲಿ ಕ್ಯಾಸೆಟ್ ಮತ್ತು ಹಾಡುಗಳ ಪಟ್ಟಿ ಕೊಟ್ಟು ಬರುತ್ತಿದ್ದೆವಲ್ಲ? ಸಿ-60 ಅಂದರೆ ಒಂದು ಬದಿಗೆ ಅರ್ಧ ಗಂಟೆ, ಆರು ಹಾಡು, ಹೆಚ್ಚೆಂದರೆ ಏಳು. ಅಣ್ಣ 1989ರಲ್ಲಿ ಹಾಕಿಸಿದ ಸಿ-60ನಲ್ಲಿ ನನ್ನ ಹಾಡು ಎ ಬದಿಯಲ್ಲಿ ಎರಡನೆಯದು. ಮೂರನೆಯದು ಹಂಸಲೇಖ ಅವರದ್ದು. ಅಂಗಡಿಯವನು ಟೇಪು ಉಳಿಸಲು ಎರಡರ ನಡುವೆ ಜಾಗವನ್ನೇ ಬಿಟ್ಟಿರಲಿಲ್ಲ. ಇದರ ಕೊಳಲು ಇನ್ನೂ ಆರುತ್ತಿರುವಾಗಲೇ ಅದರ ಡ್ರಮ್ಸ್ ಬಿದ್ದುಬಿಡುತ್ತಿತ್ತು. ಈಗಲೂ ನನ್ನ ತಲೆಯೊಳಗೆ ಹಾಗೇ ಬೀಳುತ್ತದೆ. ಮೊಬೈಲ್ ಮಾತ್ರ ಇನ್ನೇನನ್ನೋ ಹಾಡಲು ಶುರು ಮಾಡುತ್ತದೆ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲು ಇದೆ ಅಂತ ಕಾಲಿಟ್ಟು ಅದು ಇಲ್ಲದಿದ್ದರೆ ಎದೆ ಧಸಕ್ ಅನ್ನುತ್ತದಲ್ಲ, ಅದೇ. ಹನ್ನೆರಡು ಹಾಡನ್ನೂ ಅದೇ ಕ್ರಮದಲ್ಲಿ ಜೋಡಿಸಿಟ್ಟುಕೊಂಡ ಮೇಲೆ ಅರ್ಧ ಸಮಾಧಾನ ಆಯಿತು.

ಅರ್ಧವೇ ಯಾಕೆ? ಹಾಡು ಸ್ಪಷ್ಟವಾಗಿದೆ, ಕ್ರಮ ಸರಿಯಿದೆ, ಆದರೂ ಏನೋ ಮಂಕು. ಒಂದು ರಾತ್ರಿ ವಿಡಿಯೋಗಳ ನಡುವೆ ಯಾರೋ ಏರಿಸಿದ್ದ ಒಂದು ಪ್ರತಿ ಸಿಕ್ಕಿತು. ಚಿತ್ರ ಮಸುಕು, ಸದ್ದು ಕರ್ಕಶ. ಆದರೆ ಮೊದಲ ಸಾಲಿಗೇ ಗಂಟಲು ಕಟ್ಟಿತು. ಇದೇ, ಇದೇ ನಮ್ಮ ಹಾಡು! ನೋಡಿದರೆ ಅದರ ಉದ್ದ ಹದಿನೈದು ಸೆಕೆಂಡ್ ಕಡಿಮೆ. ಎಲ್ಲಿ ಕತ್ತರಿಸಿದ್ದಾರೆ ಅಂತ ಹುಡುಕಿದೆ. ಎಲ್ಲೂ ಕತ್ತರಿಸಿರಲಿಲ್ಲ. ಒಂದು ವಾರದಲ್ಲಿ ಆ ವಿಡಿಯೋ ಮಾಯವಾಯಿತು.

ಅಷ್ಟರಲ್ಲಿ ಟೇಪ್‌ರೆಕಾರ್ಡರ್ ರೆಡಿಯಾಯಿತು. ಹೊಸ ಬೆಲ್ಟು ಹಾಕಿ, ಹೆಡ್ ಉಜ್ಜಿ, ಒಟ್ಟು ಆರುನೂರೈವತ್ತು ರೂಪಾಯಿ ತೆಗೆದುಕೊಂಡರು. ದೀಪ ಹಚ್ಚುವ ಹೊತ್ತಿಗೆ ಮನೆಗೆ ತಂದು, ಪೆನ್ಸಿಲ್ ತೂರಿಸಿ ಸಡಿಲವಾಗಿದ್ದ ಟೇಪು ಬಿಗಿ ಮಾಡಿ, ಗುಂಡಿ ಒತ್ತಿದೆ. ಖಟ್ ಅನ್ನುವ ಸದ್ದು ಹಾಗೇ ಇತ್ತು. ಹಾಡಿಗೆ ಮುಂಚಿನ ಆ ಉಸ್ಸ್ ಕೂಡ ಹಾಗೇ. ಹಾಡು ಶುರುವಾಯಿತು. ಮಂಕು! ಮೊಬೈಲ್‌ನಲ್ಲಿದ್ದ ಅದೇ ಮಂಕು. ನನಗೆ ಅಳು ಬರುವುದೊಂದು ಬಾಕಿ. ಗಂಡನನ್ನು ಕರೆದು ಎರಡನ್ನೂ ಕೇಳಿಸಿದೆ. "ಏನೂ ಫರಕಿಲ್ಲ" ಅಂದರು.

ಮಾರನೇ ದಿನ ಹೊತ್ತುಕೊಂಡು ಮತ್ತೆ ಎಸ್.ಪಿ. ರಸ್ತೆಗೆ ಹೋದೆ. ರಿಪೇರಿಯವರು ವಯಸ್ಸಾದವರು. ಬೇಜಾರು ಮಾಡಿಕೊಳ್ಳಲಿಲ್ಲ. "ಮೇಡಂ, ಇದು ಜೋರಾಗಿ ಓಡ್ತಿತ್ತು. ನಾನೇ ಸರಿ ಮಾಡಿದೀನಿ" ಅಂದರು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕಂತೆ, ಎಲ್ಲ ದೇಶದಲ್ಲೂ ಅಷ್ಟೇ. ಅಷ್ಟು ಓಡದಿದ್ದರೆ ಸರಿ ಮಾಡಲು ಮೋಟಾರಿನ ಬೆನ್ನಲ್ಲಿ ಒಂದು ಸಣ್ಣ ತೂತು. ಅದರೊಳಗೆ ಒಂದು ಸ್ಕ್ರೂ. ನನಗೆ ಥಟ್ಟನೆ ನೆನಪಾಯಿತು. ಎಂಬತ್ತೆಂಟರಲ್ಲಿ ಮೋಟಾರ್ ಸುಟ್ಟುಹೋಗಿತ್ತು. ಊರಿನಲ್ಲೇ ಯಾರೋ ಬೇರೆ ಮೋಟಾರ್ ಕೂರಿಸಿ, ಕಿವಿಯ ಅಂದಾಜಿನಲ್ಲೇ ವೇಗ ಇಟ್ಟು ಕೊಟ್ಟಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲ ಹಾಡೂ ಒಂಚೂರು ವೇಗವಾಗಿ, ಒಂಚೂರು ಮೇಲಿನ ಶ್ರುತಿಯಲ್ಲೇ ಹಾಡಿದವು. ಹತ್ತು ವರ್ಷ ಹಾಗೇ ಕೇಳಿದ್ದೆವು.

"ಮೊದಲಿನ ಹಾಗೇ ಮಾಡಿ" ಅಂದೆ.

"ತಪ್ಪಾಗುತ್ತಲ್ಲ ಮೇಡಂ."

"ತಪ್ಪೇ ಇರಲಿ."

ಅವರು ನಕ್ಕು ಸಣ್ಣ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸುತ್ತಾ ಹೋದರು. ಎಸ್‌ಪಿಬಿ ಮೆಲ್ಲಗೆ ಚಿಕ್ಕವರಾಗುತ್ತಾ ಬಂದರು. ಒಂದು ಕಡೆ ಬಂದಾಗ ನಾನು "ಸಾಕು, ಸಾಕು" ಅಂತ ಕೂಗಿಯೇಬಿಟ್ಟೆ. ಪಕ್ಕದ ಅಂಗಡಿಯವರು ತಿರುಗಿ ನೋಡಿದರು.

ಮನೆಗೆ ಬಂದು ಗಡಿಯಾರ ಹಿಡಿದು ಅಳೆದೆ. ನಾಲ್ಕು ನಿಮಿಷ ಮೂವತ್ತೊಂದು ಸೆಕೆಂಡಿನ ಹಾಡು ನಾಲ್ಕು ನಿಮಿಷ ಹದಿನೆಂಟಕ್ಕೇ ಮುಗಿಯಿತು. ನೂರಕ್ಕೆ ಐದರಷ್ಟು ಜೋರು. ಶ್ರುತಿ ಸುಮಾರು ಒಂದು ಮನೆ ಮೇಲೆ, ಬಿಳಿಯಿಂದ ಪಕ್ಕದ ಕರಿಗೆ ಹೋದಷ್ಟು. ಮಾಯವಾದ ಆ ವಿಡಿಯೋ ನನ್ನನ್ನು ಅಳಿಸಿದ್ದೂ ಆಗ ಅರ್ಥವಾಯಿತು. ಹಕ್ಕಿನವರು ಯಂತ್ರದಿಂದ ಹುಡುಕಿ ತೆಗೆಸುತ್ತಾರೆ ಅಂತ ಕದ್ದು ಏರಿಸುವವರು ಹಾಡಿನ ವೇಗ, ಶ್ರುತಿ ಸ್ವಲ್ಪ ಬದಲಿಸುತ್ತಾರೆ. ಯಾರೋ ಕಳ್ಳ ತನ್ನ ಕೆಲಸಕ್ಕೆ ಮಾಡಿದ್ದು ನಮ್ಮ ತಿಪಟೂರಿನ ಮೋಟಾರಿಗೆ ಸರಿಹೊಂದಿಬಿಟ್ಟಿತ್ತು.

ಹಾಗಾದರೆ ಕ್ಯಾಸೆಟ್ಟೇ ಗೆದ್ದಿತಾ? ಪೂರ್ತಿ ಇಲ್ಲ. ಬೇಸ್ ಗಿಟಾರ್ ಅದರಲ್ಲಿ ಇಲ್ಲ, ಒಮ್ಮೆ ಕೇಳಿದ ಮೇಲೆ ಅದನ್ನು ಬಿಡಲು ಮನಸ್ಸಿಲ್ಲ. ಮೂವತ್ತೈದು ವರ್ಷದ ಟೇಪು ದಿನಾ ಓಡಿಸಿದರೆ ಉಳಿಯುವುದೂ ಇಲ್ಲ. ಹದಿನಾಲ್ಕರಲ್ಲಿ ಮೂರಕ್ಕೆ ಈಗಾಗಲೇ ಬೂಷ್ಟು. (ಎಲ್‌ಪಿ ತಟ್ಟೆ ಕೇಳಿಲ್ವಾ ಅಂತ ಯಾರಾದರೂ ಕೇಳುತ್ತೀರಿ. ಕೇಳಿದೆ, ಮಲ್ಲೇಶ್ವರದ ಗೆಳತಿಯ ಮನೆಯಲ್ಲಿ. ಸದ್ದು ಎಲ್ಲಕ್ಕಿಂತ ಚೆನ್ನ. ಆದರೆ ನಮ್ಮ ಮನೆಯಲ್ಲಿ ತಟ್ಟೆಯೇ ಇರಲಿಲ್ಲ. ಹೊಗಳಿ, ಕಾಫಿ ಕುಡಿದು ಬಂದೆ.)

ಮೊಬೈಲ್‌ನಲ್ಲೇ ವೇಗ ಹೆಚ್ಚಿಸಿ ನೋಡಿದೆ. ಅದು ಆಗದ ಮಾತು. ಅಲ್ಲಿ ವೇಗ ಏರಿಸಿದರೂ ಶ್ರುತಿ ಏರದ ಹಾಗೆ ಮಾಡಿದ್ದಾರೆ. ಭಾಷಣ ಬೇಗ ಮುಗಿಸಲು ಅನುಕೂಲ. ಹಾಡಿಗೆ ಹಾಕಿದರೆ ಇಬ್ಬರೂ ಬಸ್ಸಿಗೆ ಹೊತ್ತಾಯಿತು ಅಂತ ಹಾಡಿದಂತಿರುತ್ತದೆ. ಕೊನೆಗೆ ಮಗಳು ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಅನ್ನುವ ಬಿಟ್ಟಿ ಸಾಫ್ಟ್‌ವೇರ್ ಹಾಕಿಕೊಟ್ಟಳು. ಅದರಲ್ಲಿ ವೇಗ, ಶ್ರುತಿ ಎರಡೂ ಒಟ್ಟಿಗೆ ಏರುತ್ತವೆ, ಟೇಪಿನ ಹಾಗೆಯೇ. ಕೊಂಡುಕೊಂಡಿದ್ದ ಒಂದು ಸಿಡಿಯಿಂದ ಹಾಡು ತೆಗೆದು ನೂರಕ್ಕೆ ಐದು ಏರಿಸಿದೆವು. ಬೇಸ್ ಗಿಟಾರ್ ಇದೆ, ಉಸಿರು ಇದೆ, ಮಂಕು ಇಲ್ಲ. ಈಗ ದಿನಾ ವಾಕಿಂಗ್‌ನಲ್ಲಿ ಕೇಳುವುದು ಅದನ್ನೇ. ಕ್ಯಾಸೆಟ್ ಭಾನುವಾರ ಮಾತ್ರ. ರೇಡಿಯೋ ಅಡುಗೆಮನೆಯಲ್ಲಿ ಹಾಗೇ ಉಳಿದುಕೊಂಡಿದೆ.

ಒಂದು ಅನುಮಾನ ಮಾತ್ರ ಹೋಗಿರಲಿಲ್ಲ. ಇದೆಲ್ಲ ನನ್ನ ಭ್ರಮೆ ಇರಬಹುದಲ್ವಾ? ಸ್ಕ್ರೂ ಕತೆ ಕೇಳಿದ ಮೇಲೆ ಹಾಗೆ ಅನ್ನಿಸುತ್ತಿದೆಯೇನೋ. ಅದಕ್ಕೇ ಮೈಸೂರಿನಲ್ಲಿರುವ ಅಣ್ಣನಿಗೆ ವಾಟ್ಸಾಪಿನಲ್ಲಿ ಎರಡು ತುಣುಕು ಕಳಿಸಿದೆ. ಎರಡೂ ಅದೇ ಸಿಡಿಯಿಂದ ತೆಗೆದದ್ದು, ಟೇಪಿನ ಉಸ್ಸ್ ಎರಡರಲ್ಲೂ ಇಲ್ಲ. ಒಂದು ಸರಿಯಾದ ವೇಗದ್ದು, ಇನ್ನೊಂದು ಏರಿಸಿದ್ದು. ಬೇರೇನೂ ಬರೆಯಲಿಲ್ಲ.

ಹತ್ತು ನಿಮಿಷಕ್ಕೆ ಉತ್ತರ ಬಂತು. "ಎರಡನೇದು ನಮ್ಮನೇದು. ಮೊದಲನೇದು ಯಾರ ಮನೇದು?"

ಅದರ ಕೆಳಗೆ ಇನ್ನೊಂದು. "ನನ್ನ ಟೇಪ್‌ರೆಕಾರ್ಡರ್ ಮುಟ್ಟೋಕೆ ನಿಂಗ್ಯಾರೇ ಹೇಳಿದ್ದು?"